ಬುತ್ತಿ ಹಗುರವಾಗಿರಲಿ, ನೀರಿನ ಬಾಟಲಿ ತುಂಬಿರಲಿ

ರಜೆಯ ದಿನ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಗೆ ಹೋಗುವುದು ದೊಡ್ಡ ಖರ್ಚಿನ ಬಾಬತ್ತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬೆಂಗಳೂರಿನಂತಹ ನಗರದಲ್ಲಿ 'ಹೊರಗೆ' ಎಂದರೆ ಮಾಲ್ ಎಂದೇ ಆಗಿಬಿಟ್ಟಿರುವುದು ಇದಕ್ಕೆ ಕಾರಣ. ಅಲ್ಲಿ ಏನನ್ನೂ ಕೊಳ್ಳದೆ ಬಂದರೂ ಆಟೊ, ಐಸ್‌ಕ್ರೀಂ, ಮಕ್ಕಳ ಆಟದ ಯಂತ್ರ ಎಂದು ಜೇಬು ಖಾಲಿಯಾಗುತ್ತದೆ. ಆದ್ದರಿಂದ 'ಮುಂದಿನ ವಾರ ನೋಡೋಣ' ಎಂಬ ಮಾತಿನಲ್ಲೇ ತಿಂಗಳುಗಳು ಉರುಳುತ್ತವೆ. ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಮನೆಯ ಹೆಂಗಸರು ಅಡುಗೆ ಕೋಣೆಯಿಂದ ಹಾಲ್‌ಗೆ, ಹಾಲ್‌ನಿಂದ ಅಡುಗೆ ಕೋಣೆಗೆ ನಡೆದದ್ದೇ ಅವರ ವಾರದ ಪ್ರವಾಸ.

ಒಬ್ಬ ಯುನಾನಿ ವೈದ್ಯನಾಗಿ ನನಗೆ ಇದು ಕೇವಲ ಮನರಂಜನೆಯ ವಿಷಯವಲ್ಲ. ನಮ್ಮ ವೈದ್ಯಪದ್ಧತಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯ್ಯ' ಎಂಬ ಮಾತಿದೆ. ಜೀವ ಇರುವವರೆಗೆ ಯಾರೂ ಬಿಡಲಾಗದ ಆರು ಸಂಗತಿಗಳು ಎಂದು ಇದರ ಅರ್ಥ. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಕೊನೆಯದಾಗಿ ದೇಹದಲ್ಲಿ ಉಳಿಯಬೇಕಾದುದು ಉಳಿದು ಹೊರಹೋಗಬೇಕಾದುದು ಹೋಗುವುದು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಇವುಗಳನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಇವು ಹದ ತಪ್ಪಿದರೆ ಔಷಧಿ ಎಷ್ಟು ಕೊಟ್ಟರೂ ಅರ್ಧ ಕೆಲಸವೇ. ಒಂದು ಒಳ್ಳೆಯ ಹೊರಸಂಚಾರ ಈ ಆರರಲ್ಲಿ ಮೊದಲ ಐದನ್ನೂ ಸರಿಪಡಿಸಬಲ್ಲದು. ಆದರೆ ನಮ್ಮ ಕುಟುಂಬಗಳು ಹೊರಡುವ ರೀತಿಯಲ್ಲಿ ಆರನೆಯದು ಕೆಡುತ್ತದೆ. ಕೆಡುವುದು ಹೆಚ್ಚಾಗಿ ಹೆಂಗಸರಿಗೆ. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ.

ಅದಕ್ಕೆ ಮೊದಲು ಎಲ್ಲಿಗೆ ಹೋಗಬಹುದು ಎಂಬುದನ್ನು ನೋಡೋಣ.

ಎಲ್ಲಿಗೆ?

2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಯಲ್ಲಿದೆ. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಕರ್ನಾಟಕದವರೆಂದು ತೋರಿಸುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ತಾಯಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಇರುವ ಮನೆಯಲ್ಲಿ ಟಿಕೆಟ್ ತೆಗೆಯಬೇಕಾದವರು ಅಪ್ಪ ಮತ್ತು ಮಗ ಮಾತ್ರ. ಈ ಸೌಲಭ್ಯವನ್ನು ಕೆಲಸಕ್ಕೆ ಹೋಗುವ ಸಹೋದರಿಯರು ಬಳಸುತ್ತಿದ್ದಾರೆ. ಮನೆಯಲ್ಲೇ ಇರುವವರು ಬಳಸುವುದು ಕಡಿಮೆ. ಮೆಟ್ರೊ ಅನುಕೂಲವೇನೋ ಹೌದು, ಆದರೆ 2025ರಲ್ಲಿ ದರ ಏರಿದ ಮೇಲೆ ಐದಾರು ಮಂದಿಗೆ ಹೋಗಿಬರುವ ಖರ್ಚು ಲೆಕ್ಕ ಹಾಕಿಯೇ ಹತ್ತಬೇಕು.

ಮೊದಲ ಬಾರಿ ಹೊರಡುವವರಿಗೆ ನಾನು ಹೇಳುವುದು ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ದೂರದೂರದ ದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದ ತೋಟವಿದು. ಈಗ ಸುಮಾರು 240 ಎಕರೆ. ಪ್ರವೇಶಕ್ಕೆ ಟಿಕೆಟ್ ಇದೆ, ಆದರೆ ಮಾಲ್‌ನ ಒಂದು ಪಾಪ್‌ಕಾರ್ನ್ ಪೊಟ್ಟಣದ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ದರವೂ ಹೆಚ್ಚು, ನೂಕುನುಗ್ಗಲೂ ಹೆಚ್ಚು. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಆ ದಿನಗಳನ್ನು ಬಿಟ್ಟುಬಿಡಿ. ಉಳಿದ ದಿನಗಳಲ್ಲಿ ಅದೇ ತೋಟ ನಿಮ್ಮದೇ.

ಅಲ್ಲಿ ಮಕ್ಕಳಿಗೆ ಮೊದಲು ಬಂಡೆಯನ್ನು ತೋರಿಸಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿದೆ. ಅದನ್ನು ಹತ್ತುವುದು ಮಂಡಿ ಗಟ್ಟಿ ಇರುವವರಿಗೆ ಒಳ್ಳೆಯ ವ್ಯಾಯಾಮ. ಮಂಡಿ ನೋವಿರುವ ಅಮ್ಮಂದಿರು, ದಾದಿಯರು ಕೆರೆಯ ಕಡೆಗಿನ ಸಮತಟ್ಟು ದಾರಿಯಲ್ಲಿ ನಡೆಯಲಿ. ಸಕ್ಕರೆ ಕಾಯಿಲೆ ಇರುವವರು ಬಂಡೆಯ ಮೇಲೆ ಚಪ್ಪಲಿ ಬಿಡಬಾರದು. ಬಿಸಿಲಿಗೆ ಕಾದ ಕಲ್ಲು ಪಾದ ಸುಟ್ಟರೂ ಅವರಿಗೆ ತಿಳಿಯದೆ ಹೋಗಬಹುದು.

ಮರಗಳಿಗೆ ಹೆಸರಿನ ಫಲಕಗಳಿವೆ. ದವಾಖಾನೆಯ ಕಪಾಟಿನಲ್ಲಿರುವ ಮರಗಳನ್ನು ಹುಡುಕುವ ಆಟವನ್ನು ಮಕ್ಕಳಿಗೆ ಕೊಡಬಹುದು. ನೇರಳೆ, ಬೇವು, ತಾರೆ, ಹುಣಸೆ ಹೀಗೆ. ಹುಣಸೆಗೆ ಅರಬರು ಇಟ್ಟ ಹೆಸರು 'ತಮ್ರ್ ಹಿಂದಿ', ಹಿಂದೂಸ್ಥಾನದ ಖರ್ಜೂರ. ಇಂಗ್ಲಿಷಿನ ಹೆಸರೂ ಅದರಿಂದಲೇ ಬಂದದ್ದು ಎಂದು ಹೇಳಿದರೆ ಏಳನೇ ತರಗತಿಯ ಹುಡುಗ ಮೊಬೈಲ್ ಜೇಬಿಗಿಟ್ಟು ಇನ್ನೊಂದು ಮರ ಹುಡುಕಲು ಓಡುತ್ತಾನೆ.

ಕಬ್ಬನ್ ಪಾರ್ಕ್‌ಗೆ ಟಿಕೆಟ್ಟೇ ಇಲ್ಲ. 1870ರ ಈ ಉದ್ಯಾನದೊಳಗೆ ಭಾನುವಾರ ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ ಮಕ್ಕಳನ್ನು ಕೈಬಿಟ್ಟು ಓಡಲು ಬಿಡಬಹುದು. ಮಳೆ ಬಂದರೆ ಪಕ್ಕದ ಕಸ್ತೂರ್ಬಾ ರಸ್ತೆಯಲ್ಲೇ ವಿಶ್ವೇಶ್ವರಯ್ಯ ವಿಜ್ಞಾನ ವಸ್ತುಸಂಗ್ರಹಾಲಯವಿದೆ. ಟಿಕೆಟ್ ಸ್ವಲ್ಪ ಹೆಚ್ಚಾದರೂ ವರ್ಷಕ್ಕೊಮ್ಮೆ ತೋರಿಸಲೇಬೇಕಾದ ಜಾಗ. ಕೆ.ಆರ್. ಮಾರ್ಕೆಟ್ ಬಳಿಯ ಟಿಪ್ಪುವಿನ ಬೇಸಿಗೆ ಅರಮನೆ 1791ರಲ್ಲಿ ಪೂರ್ಣಗೊಂಡದ್ದು. ತೇಗದ ಕಂಬಗಳ ಆ ಮಾಳಿಗೆಯನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು. ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇವೆಲ್ಲ ದೂರವೆನಿಸಿದರೆ ನಿಮ್ಮ ಬಡಾವಣೆಯ ಕೆರೆಯ ಏರಿ, ವಾರ್ಡಿನ ಪಾರ್ಕ್ ಸಾಕು.

ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದನ್ನೂ, ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಯಾಟ ಆಡುತ್ತಿದ್ದಾಗ ಅವರಿಗೆ ಸಾಕೆನಿಸುವವರೆಗೂ ನಿಂತು ತೋರಿಸಿದ್ದನ್ನೂ ಹದೀಸ್‌ಗಳಲ್ಲಿ ಓದುತ್ತೇವೆ. ಮನೆಯಾಕೆಯ ಸಂತೋಷಕ್ಕಾಗಿ ಸಮಯ ಕೊಡುವುದು ದೀನಿಗೆ ಹೊರತಾದ ವಿಷಯವಲ್ಲ.

ಹೊರಗಿನ ಬೆಳಕಿನಿಂದ ಏನು ಲಾಭ?

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 60 ನಿಮಿಷ ಮೈ ಬಿಸಿಯಾಗುವಂತೆ ಆಡಬೇಕು, ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳು ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆದಷ್ಟೂ ಸಮೀಪದೃಷ್ಟಿಯ ಕನ್ನಡಕ ಬರುವ ಸಾಧ್ಯತೆ ಕಡಿಮೆ ಎಂಬುದು ಈಗ ದೃಢಪಟ್ಟ ವಿಷಯ. ದಿನಕ್ಕೆ ಎರಡು ಗಂಟೆ ಎನ್ನುತ್ತಾರೆ. ಒಂದು ಕೋಣೆಯ ಮನೆಗಳಲ್ಲಿ ಅದು ಎಲ್ಲಿ ಸಿಗಬೇಕು? ಹಾಗಾಗಿ ವಾರಕ್ಕೊಮ್ಮೆಯಾದರೂ.

ವಿಟಮಿನ್ ಡಿ ಬಗ್ಗೆ ಒಂದು ಮಾತು. ಬೆಳಗಿನ ಏಳು ಗಂಟೆಯ ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಅದರಿಂದ ವಿಟಮಿನ್ ಡಿ ಸಿಗುವುದು ತೀರಾ ಕಡಿಮೆ. ಹತ್ತು ಗಂಟೆಯ ನಂತರದ ಬಿಸಿಲು ಚರ್ಮಕ್ಕೆ ನೇರವಾಗಿ ಬೀಳಬೇಕು. ಪರ್ದಾ ಪಾಲಿಸುವ ಸಹೋದರಿಯರಿಗೆ ಪಾರ್ಕ್‌ನಲ್ಲಿ ಮುಖ ಮತ್ತು ಅಂಗೈಗೆ ಬೀಳುವ ಬಿಸಿಲು ಸಾಲದೆ ಹೋಗಬಹುದು. ಮನೆಯ ಮಾಳಿಗೆಯಲ್ಲಿ ಮರೆ ಮಾಡಿಕೊಂಡು ತೋಳು, ಕಾಲಿಗೆ ಬಿಸಿಲು ಕಾಯಿಸಿಕೊಳ್ಳುವುದು ಬೇರೆಯೇ ಏರ್ಪಾಡು. ಮೈಕೈ ನೋವು ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರು ಹೇಳಿದಷ್ಟೇ ಔಷಧಿ ತೆಗೆದುಕೊಳ್ಳಿ.

ನೀರು ಕುಡಿಯದ ತಾಯಂದಿರು

ಈಗ ಆರನೆಯ ಸಂಗತಿ. ಉರಿಮೂತ್ರವೆಂದು ದವಾಖಾನೆಗೆ ಬರುವ ಹೆಂಗಸರನ್ನು 'ಈ ಎರಡು ದಿನದಲ್ಲಿ ಎಲ್ಲಿಗಾದರೂ ಹೋಗಿದ್ದಿರಾ?' ಎಂದು ಕೇಳುವುದು ನನ್ನ ಅಭ್ಯಾಸ. ಮದುವೆಗೆ, ತವರಿಗೆ, ಮಕ್ಕಳೊಂದಿಗೆ ಪಾರ್ಕ್‌ಗೆ ಎಂಬ ಉತ್ತರ ಮೇಲಿಂದ ಮೇಲೆ ಬರುತ್ತದೆ. ಮುಂದಿನ ಪ್ರಶ್ನೆ 'ನೀರು ಎಷ್ಟು ಕುಡಿದಿರಿ?' ಅದಕ್ಕೆ ಉತ್ತರವಾಗಿ ಒಂದು ಸಂಕೋಚದ ನಗು. ಅಲ್ಲಿ ಬಾತ್‌ರೂಂ ಸರಿಯಿರುವುದಿಲ್ಲ, ಬುರ್ಖಾ ಒದ್ದೆಯಾಗುತ್ತದೆ, ಗಂಡಸರ ಎದುರು ಕೇಳಲು ನಾಚಿಕೆ. ಆದ್ದರಿಂದ ಮನೆಯಿಂದ ಹೊರಡುವ ಹಿಂದಿನ ಗಂಟೆಯಿಂದಲೇ ಅವರು ನೀರು ನಿಲ್ಲಿಸಿರುತ್ತಾರೆ. ಸಂಜೆ ಮನೆಗೆ ಬಂದು ಬೀಗ ತೆಗೆಯುವವರೆಗೆ ತಡೆದುಕೊಂಡಿರುತ್ತಾರೆ. ಆರೇಳು ಗಂಟೆ!

ಹೆಂಗಸರ ಮೂತ್ರನಾಳ ಗಂಡಸರದಕ್ಕಿಂತ ಬಹಳ ಚಿಕ್ಕದು. ಹೊರಗಿನ ಕ್ರಿಮಿಗಳು ಮೂತ್ರಕೋಶ ತಲುಪುವುದು ಸುಲಭ. ನೀರು ಕುಡಿದು ಆಗಾಗ ಮೂತ್ರ ಮಾಡಿದರೆ ಅವು ಕೊಚ್ಚಿಹೋಗುತ್ತವೆ. ನೀರೂ ಇಲ್ಲ, ವಿಸರ್ಜನೆಯೂ ಇಲ್ಲ ಎಂದಾದರೆ ಅವು ಅಲ್ಲೇ ಬೆಳೆಯುತ್ತವೆ. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಮೂತ್ರಪಿಂಡದವರೆಗೆ ಏರುವ ಅಪಾಯ ಹೆಚ್ಚು. ಶಾಲೆಗೆ ಹೋಗುವ ಹೆಣ್ಣುಮಕ್ಕಳೂ ತಾಯಿಯನ್ನು ನೋಡಿ ಇದೇ ಅಭ್ಯಾಸ ಕಲಿಯುತ್ತಾರೆ.

ಹಾಗಾಗಿ ಹೊರಡುವ ಯೋಜನೆಯನ್ನು ಶೌಚಾಲಯದಿಂದ ಆರಂಭಿಸಿ. ಕೇಳಲು ವಿಚಿತ್ರವೆನಿಸಬಹುದು, ಆದರೆ ಜಾಗ ಆರಿಸುವಾಗ ಮೊದಲ ಪ್ರಶ್ನೆ ಇದೇ ಇರಬೇಕು. ದೊಡ್ಡ ಉದ್ಯಾನ, ದೊಡ್ಡ ಬಸ್ ನಿಲ್ದಾಣಗಳಲ್ಲಿ ಶೌಚಾಲಯಗಳಿವೆ. ಒಳಗೆ ಹೋದ ಕೂಡಲೇ ಅದು ಎಲ್ಲಿದೆ, ತೆರೆದಿದೆಯೇ, ನೀರಿದೆಯೇ ಎಂದು ಮನೆಯ ಗಂಡಸರೇ ಹೋಗಿ ವಿಚಾರಿಸಿ ಬರಲಿ. ಹೆಂಗಸರು ಬಾಯಿಬಿಟ್ಟು ಕೇಳುವವರೆಗೆ ಕಾಯಬಾರದು. ಎರಡು ಗಂಟೆಗೊಮ್ಮೆ 'ಎಲ್ಲರೂ ಹೋಗಿ ಬನ್ನಿ' ಎಂದು ತಂದೆಯೇ ಹೇಳಿಬಿಟ್ಟರೆ ಯಾರಿಗೂ ಸಂಕೋಚವಿರುವುದಿಲ್ಲ. ಐದು ರೂಪಾಯಿ, ಹತ್ತು ರೂಪಾಯಿ ಚಿಲ್ಲರೆ ಕೈಯಲ್ಲಿರಲಿ.

ಕೈಚೀಲದಲ್ಲಿ ಇಸ್ತಿಂಜಾಗೆಂದೇ ಒಂದು ಖಾಲಿ ಬಾಟಲಿ ಇರಲಿ, ಕುಡಿಯುವ ಬಾಟಲಿಗಿಂತ ಬೇರೆ ಬಣ್ಣದ್ದು. ಒಂದು ಚಿಕ್ಕ ಸಾಬೂನು, ಒರೆಸಲು ಹತ್ತಿ ಬಟ್ಟೆ, ಬುರ್ಖಾದ ಅಂಚು ಎತ್ತಿ ಕಟ್ಟಲು ಎರಡು ಪಿನ್ನು. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು ಎಂಬುದನ್ನು ಚಿಕ್ಕ ಹೆಣ್ಣುಮಕ್ಕಳಿಗೆ ತಾಯಂದಿರು ಕಲಿಸಬೇಕು. ತಿಂಗಳ ದಿನಗಳಾಗಿದ್ದರೆ ಪ್ಯಾಡ್ ಬದಲಿಸುವುದನ್ನೂ ಸಂಜೆಯವರೆಗೆ ಮುಂದೂಡಬೇಡಿ. ಬಳಸಿದ್ದನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯಿಲ್ಲದಿದ್ದರೆ ಮನೆಗೆ ತನ್ನಿ. ಮಗುವಿನ ಡೈಪರ್‌ಗೂ ಇದೇ ನಿಯಮ. ಜನ ನಡೆಯುವ ದಾರಿಯನ್ನೂ ಕೂರುವ ನೆರಳನ್ನೂ ಹೊಲಸು ಮಾಡುವುದನ್ನು ಪ್ರವಾದಿವರ್ಯರು(ಸ) ಕಟುವಾಗಿ ಎಚ್ಚರಿಸಿದ್ದಾರೆ. ಪಾರ್ಕ್‌ನ ಮರದಡಿ ಚಿಕ್ಕ ಮಗುವನ್ನು ಕೂರಿಸುವ ಮುನ್ನ ಇದು ನೆನಪಿರಲಿ.

ಮಸೀದಿ ಕಮಿಟಿಯವರು ಈ ಪುಟ ಓದುತ್ತಿದ್ದರೆ ಅವರಿಗೂ ಒಂದು ವಿನಂತಿ. ನಗರದ ಮಧ್ಯದ ಮಸೀದಿಗಳು ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ, ವುಝೂ ಮತ್ತು ನಮಾಝ್‌ನ ಚಿಕ್ಕ ಜಾಗ ಕೊಟ್ಟರೆ ಎಷ್ಟೋ ಕುಟುಂಬಗಳಿಗೆ ನೆಮ್ಮದಿ. ಕೆಲವು ಕಡೆ ಇದೆ. ಇರುವ ಕಡೆ ಹೊರಗೊಂದು ಫಲಕ ಹಾಕಿ, ಹುಡುಕುವವರಿಗೆ ಕಾಣಬೇಕಲ್ಲ.

ಎಷ್ಟು ನೀರು? ಮೂತ್ರದ ಬಣ್ಣವೇ ಅಳತೆ. ತಿಳಿಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಕುಡಿದದ್ದು ಸಾಲದು. ತಲೆಗೊಂದು ಲೀಟರ್ ಮನೆಯ ಕಾಯಿಸಿ ಆರಿಸಿದ ನೀರು ಒಯ್ಯಿರಿ. ಹಿಂದಿನ ರಾತ್ರಿ ಒಂದು ಚಮಚ ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ ನೆನೆಹಾಕಿ ನಿಂಬೆರಸದ ಪಾನಕಕ್ಕೆ ಬೆರೆಸಿದರೆ ಬೇಸಿಗೆಗೆ ತಂಪು. ಯುನಾನಿಯ ಶರ್ಬತೆ ಬಝೂರಿ ಮೂತ್ರ ಸಲೀಸಾಗಿಸುವ ಹಳೆಯ ಪಾನಕ, ಆದರೆ ಅದರಲ್ಲಿ ಸಕ್ಕರೆ ಪಾಕವಿರುವುದರಿಂದ ಸಕ್ಕರೆ ಕಾಯಿಲೆಯವರಿಗೆ ಬೇಡ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರು ಕಡಿಮೆ ಮಾಡಲು ವೈದ್ಯರು ಹೇಳಿರುವವರು ಆ ಅಳತೆಯನ್ನೇ ಪಾಲಿಸಬೇಕು.

ಬಿರಿಯಾನಿ ಮನೆಯಲ್ಲೇ ಇರಲಿ

ನಮ್ಮ ಪಿಕ್‌ನಿಕ್ ಎಂದರೆ ದೊಡ್ಡ ಪಾತ್ರೆ ತುಂಬ ಬಿರಿಯಾನಿ. ಅದಕ್ಕಾಗಿ ಮನೆಯಾಕೆ ಫಜ್ರ್‌ಗೆ ಮೊದಲೇ ಎದ್ದು ಒಲೆಯ ಮುಂದೆ ನಿಂತಿರುತ್ತಾರೆ. ಅಲ್ಲಿ ಹೋಗಿ ಬಡಿಸುತ್ತಾರೆ, ಬಂದ ಮೇಲೆ ಪಾತ್ರೆ ತೊಳೆಯುತ್ತಾರೆ. ಎಲ್ಲರಿಗೂ ರಜೆ, ಅವರಿಗೆ ಮಾತ್ರ ಎರಡು ಪಟ್ಟು ಕೆಲಸ. ಇದನ್ನು ವಿಶ್ರಾಂತಿ ಎಂದು ಯಾವ ಹಕೀಮನೂ ಒಪ್ಪಲಾರ. ಆರೋಗ್ಯದ ದೃಷ್ಟಿಯಿಂದಲೂ ಇದು ಸರಿಯಲ್ಲ. ಬೇಯಿಸಿದ ಅನ್ನ, ಮಾಂಸವನ್ನು ಹೊರಗಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಬೆಳಿಗ್ಗೆ ಆರಕ್ಕೆ ಮುಚ್ಚಿದ ಪಾತ್ರೆಯನ್ನು ಮಧ್ಯಾಹ್ನ ಎರಡಕ್ಕೆ ತೆರೆದರೆ ಅದು ಉಗುರುಬೆಚ್ಚಗಿರುತ್ತದೆ, ಕ್ರಿಮಿಗಳಿಗೆ ಬೇಕಾದದ್ದೂ ಅದೇ. ಜೊತೆಗೆ ಉದ್ಯಾನಗಳೊಳಗೆ ಊಟ ಬಿಚ್ಚಲು ಬಿಡದಿರುವುದೂ ಉಂಟು. ಗೇಟಿನಲ್ಲೇ ಕೇಳಿಕೊಳ್ಳಿ.

ನನ್ನ ಸಲಹೆ ಇಷ್ಟು: ಪೂರ್ತಿ ದಿನ ಬೇಡ, ಅರ್ಧ ದಿನ ಸಾಕು. ಫಜ್ರ್ ಆದ ಮೇಲೆ ಮನೆಯಲ್ಲೇ ಉಪಾಹಾರ ಮುಗಿಸಿ ಎಂಟಕ್ಕೆ ಹೊರಡಿ. ಹನ್ನೆರಡೂವರೆಗೆ ಮನೆ ಸೇರಿ. ಝುಹರ್ ಮನೆಯಲ್ಲೇ ಆಯಿತು, ಬಿಸಿಲ ಝಳವೂ ತಪ್ಪಿತು, ಊಟವನ್ನು ಹೊತ್ತೊಯ್ಯುವ ಕೆಲಸವೂ ಇಲ್ಲ. ಆ ದಿನದ ಮಧ್ಯಾಹ್ನದ ಊಟಕ್ಕೆ ಖಿಚಡಿ ಇಡುವ ಕೆಲಸ ಗಂಡಸರದಾಗಲಿ. ನಡುವಿನ ಹಸಿವಿಗೆ ಬಾಳೆಹಣ್ಣು, ಹುರಿದ ಕಡಲೆಕಾಯಿ, ಸಿಪ್ಪೆ ಸುಲಿಯದ ಬೇಯಿಸಿದ ಮೊಟ್ಟೆ, ಸೌತೆಕಾಯಿ, ಖರ್ಜೂರ. ಸೌತೆಕಾಯಿಯನ್ನು ತಾಜಾ ಖರ್ಜೂರದೊಂದಿಗೆ ಪ್ರವಾದಿವರ್ಯರು(ಸ) ತಿನ್ನುತ್ತಿದ್ದರು. ಒಂದು ಉಷ್ಣ, ಒಂದು ಶೀತ. ಮಿಝಾಜ್ ಸಮತೋಲನದ ಪಾಠಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ. ಸೌತೆಕಾಯಿಯನ್ನು ಅಲ್ಲಿಯೇ ಕತ್ತರಿಸಿ. ಗೇಟಿನ ಹೊರಗೆ ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಕಬ್ಬಿನ ಹಾಲು ಬೇಡ. ಸುಟ್ಟ ಜೋಳ ತಿನ್ನಬಹುದು, ಬೆಂಕಿಯಿಂದ ನೇರ ಕೈಗೆ ಬರುತ್ತದೆ.

ಸಂಜೆಯೇ ಹೋಗಬೇಕೆನ್ನುವವರು ಅಸರ್ ನಂತರ ಹೊರಟು ಮಗ್ರಿಬ್‌ಗೆ ಮೊದಲು ಮರಳುವಷ್ಟು ಹತ್ತಿರದ ಜಾಗ ಆರಿಸಲಿ. ದಾರಿಯಲ್ಲಿ ನಮಾಝ್‌ನ ಹೊತ್ತಾದರೆ ವುಝೂಗೆ ಒಂದು ಬಾಟಲಿ ನೀರು ಸಾಕು. ಪ್ರವಾದಿವರ್ಯರು(ಸ) ವುಝೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿಗೂ ಕಡಿಮೆ.

ಔಷಧಿಯ ಚೀಲ ಮರೆಯಬೇಡಿ. ಅಸ್ತಮಾ ಇರುವವರ ಇನ್‌ಹೇಲರ್, ಸಕ್ಕರೆ ಕಾಯಿಲೆಯವರ ಮಾತ್ರೆ, ಬಿದ್ದರೆ ಕಟ್ಟಲು ಬಟ್ಟೆಪಟ್ಟಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ನಡೆದು ದಣಿದಾಗ ಬೆವರಿ ಕೈ ನಡುಗಿದರೆ ತಕ್ಷಣ ಸಕ್ಕರೆ ಅಥವಾ ಸಿಹಿ ಪಾನಕ ಕೊಡಿ. ಮಗುವಿಗೆ ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಅಂಗಡಿಯ ಓಆರ್‌ಎಸ್ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಮನೆಗೆ ಬಂದ ಮೇಲೆ ಎಲ್ಲರೂ ಕೈಕಾಲು ತೊಳೆದು, ಬೆವರಿದ ಒಳಬಟ್ಟೆ ಬದಲಿಸಿ, ಒಂದೊಂದು ಲೋಟ ನೀರು ಕುಡಿಯಲಿ. ಸಕ್ಕರೆ ಕಾಯಿಲೆಯವರ ಪಾದಗಳನ್ನು ಬೆರಳ ಸಂದಿನವರೆಗೆ ಯಾರಾದರೂ ನೋಡಿ ಪರೀಕ್ಷಿಸಲಿ. ಮರುದಿನ ಮೂತ್ರದಲ್ಲಿ ಉರಿ, ಪದೇ ಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಕಂಡರೆ ಬಾರ್ಲಿ ನೀರು ಕುಡಿದು ವಾರಗಟ್ಟಲೆ ಕಾಯಬೇಡಿ. ಮೂತ್ರಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಿ. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ ಇದ್ದರೆ, ಅಥವಾ ಉರಿ ಕಂಡವರು ಗರ್ಭಿಣಿಯಾಗಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.